ಜೋಗಕ್ಕೆ ಹೋಗಲು ಆಷಾಢವೇ ಸರಿ

ಜೋಗಕ್ಕೆ ಯಾವ ಕಾಲದಲ್ಲಿ ಹೋಗಬೇಕು ಎಂದು ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಖಚಿತವಾದ ಉತ್ತರ ಸಿಗುತ್ತಿತ್ತು. ಉತ್ತರ ಕೊಡುವವರಲ್ಲಿ ಒಬ್ಬರೂ ಜೋಗ ನೋಡಿರಲಿಲ್ಲ.

ನಾವಿದ್ದದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಟೈಮ್ ಆಫೀಸಿನ ಗುಮಾಸ್ತರು. ಹವೆಯ ವಿಷಯದಲ್ಲಿ ಅವರು ಆಕಾಶವನ್ನು ನಂಬುತ್ತಿರಲಿಲ್ಲ, ಕಾರ್ಖಾನೆಯ ಚಿಮಣಿಯನ್ನು ನಂಬುತ್ತಿದ್ದರು. ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತು ಹೊಗೆ ಯಾವ ಕಡೆ ಬಾಗಿದೆ ಎಂದು ನೋಡುವರು. ಹೊಗೆ ಹೊಳೆಯ ಕಡೆ ಹೋದರೆ ಮಳೆ, ಸ್ಟೇಷನ್ ಕಡೆ ಹೋದರೆ ಬಿಸಿಲು, ನೆಟ್ಟಗೆ ಮೇಲಕ್ಕೆ ಹೋದರೆ ಅವತ್ತು ಸಾಹೇಬರು ರೌಂಡ್ಸಿಗೆ ಬರುತ್ತಾರೆ. ಮೂರನೆಯದು ಮಾತ್ರ ತಪ್ಪುತ್ತಿರಲಿಲ್ಲ. ಅಪ್ಪನ ಪ್ರಕಾರ ಪ್ರಯಾಣಕ್ಕೆ ಸಂಕ್ರಾಂತಿ ಕಳೆದ ಮೇಲಿನ ದಿನಗಳೇ ಸರಿ. ರಸ್ತೆ ಒಣಗಿರುತ್ತದೆ, ಬಸ್ಸು ಹೂತುಕೊಳ್ಳುವುದಿಲ್ಲ, ಕೊಡೆ ಹೊರುವ ಕೆಲಸವಿಲ್ಲ. ಆಗ ಜೋಗದಲ್ಲಿ ನೀರೇ ಇರುವುದಿಲ್ಲವಲ್ಲ ಎಂದರೆ, "ನೀರು ನೋಡೋಕೆ ಅಷ್ಟು ದೂರ ಯಾಕೋ ಹೋಗ್ಬೇಕು? ಇಲ್ಲೇ ಕಾಲುವೇಲಿ ಹರೀತಿಲ್ವಾ?" ಎನ್ನುವರು.

ಅಜ್ಜ ಮಳೆ ನಕ್ಷತ್ರದವರು. "ಆರಿದ್ರೇಲಿ ಹೋದ್ರೆ ಕೆಮ್ಮಣ್ಣಿನ ನೀರು. ಪುನರ್ವಸೂಲಿ ಹೋದ್ರೆ ಬರೀ ಮಂಜು. ಪುಷ್ಯದಲ್ಲಿ ಇಂಬಳ, ಕಾಲಿಗೆ ಹತ್ತಿ ರಕ್ತ ಹೀರತ್ತೆ. ಹಸ್ತೆ ಮಳೇಲಿ ಹೋಗ್ಬೇಕು ಮಾರಾಯ, ಹಸ್ತೇಲಿ!" ಪ್ರತಿ ವರ್ಷ ಹಸ್ತೆ ಬಂದಾಗ ಹೊರಗೆ ಇಣುಕಿ, ಈ ಸಲದ ಹಸ್ತೆ ಯಾಕೋ ಸರಿಯಿಲ್ಲ ಎಂದು ಕಂಬಳಿ ಎಳೆದುಕೊಳ್ಳುವರು. ಅಮ್ಮನದು ಇನ್ನೂ ಸರಳ. ಮನೆಗೆ ನೆಂಟರು ಬಾರದ ಕಾಲದಲ್ಲಿ ಪ್ರಯಾಣ ಹೋಗಬೇಕು. ಅಂಥ ಕಾಲ ಭದ್ರಾವತಿಗೆ ಇನ್ನೂ ಬಂದಿರಲಿಲ್ಲ.

ಇವರೆಲ್ಲರ ದನಿಯೂ ನನ್ನ ಬಾಯಲ್ಲಿತ್ತು. ದಿನಾ ರೈಲಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿ ಬರುತ್ತಿದ್ದ ನಾನು ಪಾಠಕ್ಕಿಂತ ಪಾಠ ಹೇಳುವವರನ್ನು ಚೆನ್ನಾಗಿ ಕಲಿತಿದ್ದೆ. ಪರೀಕ್ಷೆಯಲ್ಲಿ ಅದನ್ನು ಕೇಳುತ್ತಿರಲಿಲ್ಲ. ಅಪ್ಪನ ದನಿಯಲ್ಲಿ ಅಜ್ಜನನ್ನು ಬಯ್ದು, ಅಜ್ಜನ ದನಿಯಲ್ಲಿ ಅಪ್ಪನಿಗೆ ಉತ್ತರ ಕೊಟ್ಟು, ಇಬ್ಬರಿಂದಲೂ ಸ್ವಂತ ದನಿಯಲ್ಲಿ ಬೈಸಿಕೊಳ್ಳುತ್ತಿದ್ದೆ. ನಿನ್ನ ಸ್ವಂತ ದನಿ ಯಾವುದೋ ಎಂದು ಅಕ್ಕ ಒಮ್ಮೆ ಕೇಳಿದಾಗ ಸ್ವಲ್ಪ ಹೊತ್ತು ಹುಡುಕಿದೆ. ಸಿಗಲಿಲ್ಲ.

ಜೋಗದ ವಿಷಯ ಮಾತಿನಿಂದ ಕಾರ್ಯಕ್ಕೆ ಇಳಿದದ್ದು ಅಕ್ಕನನ್ನು ನೋಡಲು ಶಿವಮೊಗ್ಗದಿಂದ ಗಂಡು ಬಂದಾಗ. ಗಂಡು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಣೆಯ ತುಂಬ ವಿಭೂತಿ, ಬಾಯಿ ಮಾತ್ರ ಖಾಲಿ. ಉಪ್ಪಿಟ್ಟು, ಕಾಫಿ ಮುಗಿಯುವವರೆಗೆ ಅವರು ನೆಲದ ಮೇಲಿನ ಚಾಪೆಯ ಅಂಚನ್ನೇ ನೋಡುತ್ತಿದ್ದರು, ಅಳತೆ ತೆಗೆಯುವವರ ಹಾಗೆ. ಮಾತನ್ನೆಲ್ಲ ಅವರ ತಾಯಿಯೇ ಆಡಿದರು. ಉಪ್ಪಿಟ್ಟಿಗೆ ಉಪ್ಪು ಒಂದು ಕಲ್ಲು ಹೆಚ್ಚಾಗಿದೆ ಎಂದೂ ಅವರೇ ಹೇಳಿದರು. ಹೆಣ್ಣಿನ ಮನೆಯಲ್ಲಿ ಕುಳಿತು ಹಾಗೆ ಹೇಳಬಹುದೇ ಎಂದು ಅವರ ಕಡೆಯವರೇ ಮೊಣಕೈಯಲ್ಲಿ ತಿವಿದಾಗ, "ಇದ್ದಿದ್ದು ಹೇಳಿದೆ. ನಂಗೆ ಸುಳ್ಳು ಬರಲ್ಲ" ಎಂದರು. ಕೊನೆಗೆ ಅಜ್ಜ, "ಹುಡುಗೀನ ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದಾಗ ಮೇಷ್ಟ್ರು ತಲೆಯೆತ್ತಿದರು.

"ಜೋಗ ನೋಡಿದೀರಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

"ತುಂಬಿದಾಗ ತೋರಿಸ್ತೀನಿ."

ಅಷ್ಟೇ. ಹಾಡು ಬರುತ್ತಾ, ರೊಟ್ಟಿ ತಟ್ಟಲು ಬರುತ್ತಾ ಎಂದು ಕೇಳಿದ ಗಂಡುಗಳನ್ನೆಲ್ಲ ಬೇಡವೆಂದಿದ್ದ ಅಕ್ಕ ಇವರನ್ನು ಒಪ್ಪಿಬಿಟ್ಟಳು. ಅವಳು ಒಪ್ಪಿದ್ದು ಆ ಮಾತಿಗೆ. ಆಮೇಲೆ ತಿಂಗಳುಗಟ್ಟಲೆ ನಾನು ಚಾಪೆಯ ಅಂಚು ನೋಡುತ್ತ "ತುಂಬಿದಾಗ ತೋರಿಸ್ತೀನಿ" ಎಂದು ಅವಳ ಹಿಂದೆ ಮುಂದೆ ಓಡಾಡಿದೆ. ಅವಳು ನಗಲಿಲ್ಲ. "ಆಡ್ಕೋ. ಅವರು ತೋರಿಸ್ದಾಗ ನಿನ್ ಬಾಯಿ ಮುಚ್ಚತ್ತೆ" ಎಂದಳು.

ವೈಶಾಖದಲ್ಲಿ ಮದುವೆ ಆಯಿತು. ನೆಲ ಒದ್ದೆಯಾಗುವ ಹೊತ್ತಿಗೆ ಆಷಾಢ ಬಂತು. ಆಷಾಢ ಬಂದರೆ ಹೊಸ ಸೊಸೆ ತವರಿಗೆ ಬರಬೇಕು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಮುಖ ನೋಡಬಾರದು. ಅಳಿಯ ಹೆಣ್ಣು ಕೊಟ್ಟ ಮನೆಯ ಕಡೆ ತಲೆ ಹಾಕಬಾರದು. ಗಂಡ ಹೆಂಡತಿ ಭೇಟಿಯಂತೂ ಕೂಡದು. ಯಾಕೆ ಎಂದು ಕೇಳಿದರೆ ಹಿರಿಯರು ಕೆಮ್ಮುತ್ತಿದ್ದರು. ಅಕ್ಕ ಟ್ರಂಕು ಹಿಡಿದು ಭದ್ರಾವತಿಗೆ ಬಂದಳು. ಜೋಗ ತುಂಬಿದ್ದೂ ಅದೇ ತಿಂಗಳು.

ಶ್ರಾವಣ ಬರಲಿ ಎಂದು ಕಾಯಬಹುದಿತ್ತು. ಆದರೆ ಆ ವರ್ಷ ಶರಾವತಿಗೆ ಕಟ್ಟುತ್ತಿದ್ದ ದೊಡ್ಡ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಿತ್ತು. ಶಿವಮೊಗ್ಗದ ಹೋಟೆಲುಗಳಲ್ಲಿ ದೋಸೆಗಿಂತ ಅದರ ಸುದ್ದಿಯೇ ಬಿಸಿಯಾಗಿತ್ತು. ಶ್ರಾವಣದ ಹೊತ್ತಿಗೆ ಗೇಟು ಹಾಕುತ್ತಾರಂತೆ, ಆಮೇಲೆ ಜೋಗದಲ್ಲಿ ಬಂಡೆ ಮಾತ್ರ ಅಂತೆ, ನೀರು ಬೇಕೆಂದರೆ ಅರ್ಜಿ ಹಾಕಬೇಕಂತೆ. ಅಂತೆಗಳಲ್ಲಿ ಎಷ್ಟು ನಿಜ ಎಂದು ಯಾರಿಗೂ ಗೊತ್ತಿರಲಿಲ್ಲ. ಭಾವನಿಗೆ ಮಾತ್ರ ಎಲ್ಲವೂ ನಿಜವಾಗಿ ಕಂಡಿತು. ಒಂದು ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಕಾಲೇಜಿನ ಗೇಟಿಗೇ ಬಂದರು.

"ಮಾತು ಕೊಟ್ಟಿದ್ದೆ" ಎಂದರು.

"ಗೊತ್ತು ಭಾವ. ದಿನಾ ಹೇಳ್ತಿರ್ತೀನಿ" ಎಂದೆ.

"ಈ ವರ್ಷ ತಪ್ಪಿದ್ರೆ ತುಂಬಿದ್ದು ಅನ್ನೋದೇ ಇರಲ್ಲ."

ಅವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದು ನೋಡಿ ನನಗೆ ಗಾಬರಿಯಾಯಿತು. ಅಲ್ಲೇ ನಿಂತು ದಾರಿ ಹುಡುಕಿದೆವು. ಶಾಸ್ತ್ರ ಹೇಳುವುದು ಹೊಸ್ತಿಲಿನ ಮಾತು. ಜೋಗಕ್ಕೆ ಹೊಸ್ತಿಲು ಇಲ್ಲ. ಅಕ್ಕ ಭದ್ರಾವತಿಯಿಂದ ತಮ್ಮನ ಜೊತೆ ಹೊರಡುತ್ತಾಳೆ, ಅದರಲ್ಲಿ ತಪ್ಪೇನಿದೆ? ಭಾವ ಶಿವಮೊಗ್ಗದಲ್ಲಿ ಅದೇ ರೈಲು ಹತ್ತುತ್ತಾರೆ. ಬೇರೆ ಡಬ್ಬಿ. ಅವರೂ ಪ್ರಯಾಣಿಕರು, ನಾವೂ ಪ್ರಯಾಣಿಕರು. ಜಲಪಾತದ ಮುಂದೆ ನಿಂತ ಮೇಲೆ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಯಾರು ನೋಡುತ್ತಾರೆ?

ಭಾನುವಾರ ಬೆಳಿಗ್ಗೆ ಅಪ್ಪ ಚಿಮಣಿ ನೋಡಿ, "ಹೊಗೆ ಕೆಳಗೇ ಮಲಗಿದೆ. ಇಂಥ ದಿನ ಯಾರಾದ್ರೂ ಹೊರಡ್ತಾರಾ?" ಎಂದರು. ಅಜ್ಜ, "ಪುನರ್ವಸು ಕಣೋ. ಬರೀ ಮಂಜು" ಎಂದರು. ಅಮ್ಮ ಅಕ್ಕಿ ರೊಟ್ಟಿ ಕಟ್ಟಿಕೊಟ್ಟಳು. ಇಬ್ಬರಿಗೆ ತೀರ ಹೆಚ್ಚಾಯಿತು ಎಂದೆ. "ಇರ್ಲಿ, ದಾರೀಲಿ ಯಾರಾದ್ರೂ ಸಿಗ್ತಾರೆ" ಎಂದಳು. ನನ್ನ ಹಸಿವಿನ ಮೇಲೆ ಅವಳಿಗಿರುವ ಗೌರವ ಇದು ಎಂದುಕೊಂಡೆ.

ಅಕ್ಕನನ್ನು ಹೆಂಗಸರ ಡಬ್ಬಿಯಲ್ಲಿ ಕೂರಿಸಿ ನಾನು ಪಕ್ಕದ ಡಬ್ಬಿ ಹತ್ತಿದೆ. ಶಿವಮೊಗ್ಗದಲ್ಲಿ ಇಳಿದು ನೋಡಿದರೆ ಭಾವ ಪ್ಲಾಟ್‌ಫಾರಮ್ಮಿನಲ್ಲಿ ಕೊಡೆಯನ್ನು ಸ್ಕೇಲಿನ ಹಾಗೆ ನೆಟ್ಟಗೆ ಹಿಡಿದು ನಿಂತಿದ್ದರು. ಅವರ ಹಿಂದೆ ಟಿಫನ್ ಕ್ಯಾರಿಯರ್ ಹಿಡಿದು ಅವರ ತಾಯಿ.

ಆಮೇಲೆ ತಿಳಿದದ್ದು ಇಷ್ಟು. ಎಲ್ಲಿಗೆ ಹೊರಟೆ ಎಂದು ತಾಯಿ ಕೇಳಿದ್ದಾರೆ. ಜೋಗಕ್ಕೆ ಎಂದಿದ್ದಾರೆ ಇವರು. ಯಾರ ಜೊತೆ ಎಂದರೆ ಸುಮ್ಮನಿದ್ದಾರೆ. ಸುಳ್ಳು ಬಾರದಿರುವುದು ಆ ಮನೆಯಲ್ಲಿ ವಂಶದ್ದು. "ಒಬ್ಬನೇ ಯಾಕೋ ಹೋಗ್ತೀಯಾ? ನಾನೂ ಬರ್ತೀನಿ. ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾದೆ, ಒಂದಿನ ಜೋಗ ನೋಡ್ಲಿಲ್ಲ. ಇನ್ನು ಬಾಗ್ಲು ಬೇರೆ ಹಾಕ್ತಾರಂತೆ" ಎಂದು ತಾಯಿ ಸೀರೆ ಬದಲಾಯಿಸಿದ್ದಾರೆ.

ಭಾವ ನನ್ನನ್ನು ನೋಡಿ ಅಪರಿಚಿತರಂತೆ ನಟಿಸಲು ನಿರ್ಧರಿಸಿದರು. "ಈ ಗಾಡಿ ತಾಳಗುಪ್ಪಕ್ಕೆ ಹೋಗತ್ತೇನ್ರೀ?" ಎಂದು ಹೆಂಡತಿಯ ತಮ್ಮನನ್ನು ಕೇಳಿದರು. ನಾನು ಸ್ಟೇಷನ್ ಮಾಸ್ಟರ ದನಿಯಲ್ಲಿ "ಹೋಗ್ತದೆ, ಹೋಗ್ತದೆ" ಎಂದೆ. ಆ ಹೊತ್ತಿಗೆ ತಾಯಿ ಹೆಂಗಸರ ಡಬ್ಬಿಯ ಕಡೆ ನಡೆದಾಗಿತ್ತು.

ನಾನು ರೈಲಿನ ಆಚೆ ಬದಿಗೆ ಓಡಿ, ಪ್ಲಾಟ್‌ಫಾರಂ ಇಲ್ಲದ ಕಡೆಯ ಬಾಗಿಲಿಂದ ಅಕ್ಕನನ್ನು ಹಳಿಯ ಮೇಲೆ ಇಳಿಸಿದೆ.

"ಏನೋ ಇದು?" ಎಂದಳು ಸೀರೆ ಎತ್ತಿ ಹಿಡಿದು.

"ನಿಮ್ಮತ್ತೆ."

ಅಕ್ಕ ಜಲ್ಲಿಯ ಮೇಲೆ ನಿಂತುಬಿಟ್ಟಳು. "ಒಂದೇ ರೈಲು ಹತ್ತಿದ್ರೆ ಒಂದೇ ಹೊಸ್ತಿಲು ದಾಟಿದ ಹಾಗಾಗತ್ತೇನೋ?"

"ರೈಲಿಗೆ ಎಲ್ಲಿದೆ ಹೊಸ್ತಿಲು? ಫುಟ್‌ಬೋರ್ಡು ಇರೋದು."

"ಅದು ಲೆಕ್ಕಕ್ಕೆ ಬರತ್ತಾ?"

ಗಾರ್ಡ್ ಸೀಟಿ ಊದಿದರು. ಅಕ್ಕನನ್ನು ನನ್ನ ಡಬ್ಬಿಗೆ ಹತ್ತಿಸಿದೆ.

ತಾಳಗುಪ್ಪದಲ್ಲಿ ಇಳಿದ ಮೇಲೆ ಜೋಗಕ್ಕೆ ಇದ್ದದ್ದು ಒಂದೇ ಬಸ್ಸು. ಅಜ್ಜ ಚಳಿಗೆಂದು ಕೊಟ್ಟು ಕಳಿಸಿದ್ದ ಕಂಬಳಿಯನ್ನು ಅಕ್ಕನಿಗೆ ತಲೆಯಿಂದ ಮೊಣಕಾಲಿನವರೆಗೆ ಹೊದಿಸಿ ಹಿಂದಿನ ಸೀಟಿನ ಮೂಲೆಗೆ ತಳ್ಳಿದೆ. ನಾನು ಟವೆಲನ್ನು ಮುಂಡಾಸಿನಂತೆ ಸುತ್ತಿಕೊಂಡು ಪಕ್ಕದಲ್ಲಿ ಕುಳಿತೆ. ಮಳೆಗೆ ಕಿಟಕಿಯ ಟಾರ್ಪಾಲು ಇಳಿಬಿಟ್ಟಿದ್ದರಿಂದ ಒಳಗೆ ಕತ್ತಲೆ. ಅಕ್ಕನ ಅತ್ತೆ ಮುಂದಿನ ಸೀಟಿನಲ್ಲಿ, ಭಾವ ಅವರ ಪಕ್ಕದಲ್ಲಿ ಚಾಪೆಯಿಲ್ಲದ್ದರಿಂದ ಬಸ್ಸಿನ ನೆಲ ನೋಡುತ್ತ. ಅತ್ತೆ ಒಮ್ಮೆಯೂ ಹಿಂದೆ ತಿರುಗಲಿಲ್ಲ. ನನ್ನ ಮುಂಡಾಸಿನ ಬಗ್ಗೆ ನನಗೆ ಹೆಮ್ಮೆಯೆನಿಸಿತು.

ಅರ್ಧ ದಾರಿಯಲ್ಲಿ ಕ್ಯಾರಿಯರಿನ ಮುಚ್ಚಳ ತೆಗೆದ ಸದ್ದು. "ಲೋ" ಎಂದರು ಅತ್ತೆ ಮಗನಿಗೆ, ಇಡೀ ಬಸ್ಸಿಗೆ ಕೇಳುವ ಹಾಗೆ. "ಹಿಂದೆ ಯಾರೋ ಅಜ್ಜಿ ಕಂಬಳಿ ಹೊದ್ಕೊಂಡು ನಡುಗ್ತಾ ಕೂತಿದಾರೆ. ಪಾಪ, ಒಂದೆರಡು ಉಂಡೆ ಕೊಟ್ಟು ಬಾ."

ಭಾವ ಎದ್ದು ಬಂದರು. ಕಡಲೆಹಿಟ್ಟಿನ ಉಂಡೆ. ಮದುವೆಯಾದ ಹೊಸತರಲ್ಲಿ ಅತ್ತೆಯ ಮನೆಯ ಡಬ್ಬಿಯಿಂದ ಅಕ್ಕ ಕದ್ದು ತಿನ್ನುತ್ತಿದ್ದದ್ದು ಅದನ್ನೇ. ಕಂಬಳಿಯಿಂದ ಹೊಸ ಬಳೆಗಳ ಕೈಯೊಂದು ಹೊರಗೆ ಬಂತು. ಭಾವ ಉಂಡೆ ಇಟ್ಟರು. ಆಮೇಲೂ ಕೈ ತೆಗೆಯದೆ ನಿಂತರು. ಬಸ್ಸು ಗುಂಡಿಗೆ ಬಿದ್ದು ಎದ್ದ ಮೇಲೆ ತಮ್ಮ ಜಾಗಕ್ಕೆ ಹೋದರು. ಅಜ್ಜಿಯ ಕೈಯಲ್ಲಿ ಅಷ್ಟು ಬಳೆ ಯಾಕೆ ಎಂದು ಅತ್ತೆ ಕೇಳಲಿಲ್ಲ. ಅವರಿಗೆ ಕಣ್ಣು ಮಂಜು ಎಂದುಕೊಂಡೆ. ಮಂಜಾಗಿದ್ದದ್ದು ಯಾರದು ಎಂದು ಸ್ವಲ್ಪ ಹೊತ್ತಿಗೆ ಗೊತ್ತಾಯಿತು.

ಜೋಗದಲ್ಲಿ ಜೋಗ ಇರಲಿಲ್ಲ. ಬಿಳಿ ಗೋಡೆಯ ಹಾಗೆ ಮಂಜು ನಿಂತಿತ್ತು. ಚಾಚಿದ ಕೈಯ ಬೆರಳೂ ಸರಿಯಾಗಿ ಕಾಣುತ್ತಿರಲಿಲ್ಲ. ಸದ್ದು ಮಾತ್ರ ನೆಲದ ಒಳಗಿಂದ ಬರುತ್ತಿತ್ತು, ನಮ್ಮ ಕಾರ್ಖಾನೆಯ ಅಷ್ಟೂ ಶಾಪುಗಳನ್ನು ಒಂದೇ ಸಲ ಚಾಲೂ ಮಾಡಿದ ಹಾಗೆ. ಪುನರ್ವಸು ಎಂದು ಅಜ್ಜ ಹೇಳಿದ್ದು ನೆನಪಾಯಿತು. ಜೀವನದಲ್ಲಿ ಒಮ್ಮೆ ಅವರ ಮಾತು ಸರಿಯಾಗಿತ್ತು. ಅದನ್ನು ಮನೆಯಲ್ಲಿ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದೆ.

ಆದರೆ ನಮ್ಮ ಕೆಲಸಕ್ಕೆ ಮಂಜಿಗಿಂತ ಒಳ್ಳೆಯ ಏರ್ಪಾಡು ಇರಲಿಲ್ಲ. ಅತ್ತೆ ಬಸ್ಸಿನ ಹತ್ತಿರದ ಹೋಟೆಲಿನ ಸೂರಿನ ಕೆಳಗೆ ನಿಂತರು. ಅಕ್ಕ, ಭಾವ ಮುಂದೆ, ಪ್ರಪಾತದ ಅಂಚಿನ ಕಟ್ಟೆಯ ಹತ್ತಿರ. ನಾನು ನಡುವೆ ಕಾವಲು. ಹೊತ್ತು ಹೋಗುತ್ತಿತ್ತು, ಮಂಜು ಹೋಗುತ್ತಿರಲಿಲ್ಲ. ಬಸ್ಸು ಹೊರಡುವ ಸಮಯ ಹತ್ತಿರವಾಯಿತು.

"ಕಾಣ್ದಿದ್ರೆ ಹೋಗ್ಲಿ ಬಿಡಿ" ಎಂದಳು ಅಕ್ಕ ಮಂಜಿನೊಳಗೆ. "ಸದ್ದು ಕೇಳಿದ್ನಲ್ಲ."

"ತೋರಿಸ್ತೀನಿ ಅಂದಿದ್ದೆ" ಎಂದರು ಭಾವ. "ಕೇಳಿಸ್ತೀನಿ ಅಂದಿರ್ಲಿಲ್ಲ."

ಆ ಮಾತನ್ನು ನಾನು ಆಮೇಲೆ ಯಾರ ಮುಂದೆಯೂ ಅನುಕರಿಸಿ ತೋರಿಸಿಲ್ಲ.

"ಯಾರದು ಅಲ್ಲಿ?" ಅತ್ತೆಯ ದನಿ ಹತ್ತಿರದಲ್ಲೇ ಕೇಳಿತು. ಹೋಟೆಲಿನ ಸೂರು ಬಿಟ್ಟು ಬಂದುಬಿಟ್ಟಿದ್ದರು.

ನಾನು ಕಂಡಕ್ಟರನಾದೆ. "ಯಾರೂ ಇಲ್ಲಮ್ಮಾ, ಬಸ್ ಹೊರಡ್ತದೆ, ಹೋಗಿ ಸೀಟ್ನಲ್ಲಿ ಕೂತ್ಕಳಿ!" ಕಂಠದಲ್ಲಿ ಸ್ವಲ್ಪ ಬೀಡಿಯನ್ನೂ ಸೇರಿಸಿದ್ದೆ.

"ಕಂಡಕ್ಟರ್ ಹೋಟ್ಲಲ್ಲಿ ಬೋಂಡ ತಿಂತಿದಾನೆ. ಈಗ ನಾನೇ ನೋಡ್ಬಂದೆ. ನೀನು ಭದ್ರಾವತಿಯವನಲ್ವೇನೋ?"

ಮಂಜಿನಿಂದ ಅವರ ಕೊಡೆ ಮೊದಲು ಬಂತು, ಆಮೇಲೆ ಅವರು. "ಮದುವೇಲಿ ಊಟದ ಪಂಕ್ತೀಲಿ ನನ್ ಥರ ಮಾಡಿ ಎಲ್ರನ್ನೂ ನಗಿಸಿದ್ಯಂತಲ್ಲ, ಉಪ್ಪು ಹೆಚ್ಚಾಯ್ತು ಅಂತ. ನಾನು ಹಾಗೆ ಮೂಗಲ್ಲಿ ಮಾತಾಡ್ತೀನೇನೋ?"

"ಇಲ್ಲ ಅತ್ತೆ" ಎಂದೆ. ಗಾಬರಿಗೆ ಅದೂ ಮೂಗಿನಲ್ಲೇ ಬಂತು.

ಅವರು ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಕೆಳಗಿನಿಂದ ಗಾಳಿ ಎದ್ದಿತು. ಮಂಜು ಅಲುಗಿತು, ಹರಿಯಿತು, ಮೇಲಕ್ಕೆ ಹೋಗತೊಡಗಿತು. ಕಟ್ಟೆ ಕಂಡಿತು. ಕಟ್ಟೆಯ ಹತ್ತಿರ ಎರಡು ನೆರಳು ಕಂಡವು. "ಕಾಣ್ತಿದೆ, ಕಾಣ್ತಿದೆ, ನೋಡು!" ಎಂದು ಭಾವ ಕೂಗಿದರು, ಸ್ಕೂಲಿನಲ್ಲಿ ಅವರ ಹುಡುಗರು ಕೂಗುವ ಹಾಗೆ. ಆದರೆ ಅಕ್ಕನಿಗೆ ಅತ್ತೆಯ ದನಿ ಕೇಳಿಸಿತ್ತು. ನೀರಿಗೆ ಬೆನ್ನು ಹಾಕಿ, ಕಂಬಳಿ ಎಳೆದುಕೊಂಡು ಬಸ್ಸಿನ ಕಡೆ ಓಡಲು ತಿರುಗಿದ್ದಳು. ಓಡಿದರೆ ಎದುರಿಗೇ ಅತ್ತೆ. ನಿಂತರೆ ಗಂಡನ ಪಕ್ಕ. ಅಲ್ಲೇ ಮುಖ ಮುಚ್ಚಿಕೊಂಡು, ತಾನು ನೋಡಲು ಬಂದದ್ದಕ್ಕೆ ಬೆನ್ನು ಮಾಡಿ ಕಂಬದ ಹಾಗೆ ನಿಂತಳು. ಮಂಜು ಮತ್ತೆ ಯಾವಾಗ ಮುಚ್ಚುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಒಂದು ಕ್ಷಣ ಆ ಕಂಬಳಿಯನ್ನು ನೋಡಿದರು. ಮಂಜು ಇನ್ನೂ ಅವರ ಎತ್ತರಕ್ಕೇ ಇತ್ತು. ನೀರು ಅವರಿಗೆ ಕಾಣಿಸುವ ಮೊದಲೇ ಅವರು ತಿರುಗಿಬಿಟ್ಟರು. ಕೊಡೆಯನ್ನು ಬೆನ್ನ ಹಿಂದೆ ಅಡ್ಡ ಹಿಡಿದು, ಬಸ್ಸಿಗೆ ಎದುರಾಗಿ ನಿಂತು, ಬಸ್ಸಿಗೇ ಹೇಳುವವರ ಹಾಗೆ ಗಟ್ಟಿಯಾಗಿ ಹೇಳಿದರು: "ನಾನು ಬಸ್ ನೋಡ್ತಿದೀನಿ. ಯಾರಿಗಾದ್ರೂ ನೀರು ನೋಡೋದಿದ್ರೆ ಬೇಗ ನೋಡ್ಕೊಳ್ಲಿ."

ಅಕ್ಕ ತಿರುಗಿದಳು. ಕಂಬಳಿ ಜಾರಿ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ನಾಲ್ಕು ಧಾರೆ ಎಂದು ಪಟಗಳಲ್ಲಿ ನೋಡಿದ್ದೆ. ಅವತ್ತು ನಾಲ್ಕು ಎಂದು ಎಣಿಸುವಂತಿರಲಿಲ್ಲ. ಬೆಟ್ಟದ ಆ ತುದಿಯಿಂದ ಈ ತುದಿಯವರೆಗೆ ಒಂದೇ ಆಗಿ ಬೀಳುತ್ತಿತ್ತು.

"ಹೇಗಿದೆಯೋ?" ಎಂದರು ಅತ್ತೆ, ಬಸ್ಸನ್ನು ನೋಡುತ್ತ.

"ದೊಡ್ಡದಾಗಿ ಬೀಳ್ತಿದೆ ಅತ್ತೆ."

"ಬೀಳ್ತಿದೆ ಅಂತ ನಂಗೂ ಗೊತ್ತು. ನಿಂಗೆ ಎಲ್ರ ಥರಾನೂ ಮಾಡೋಕೆ ಬರತ್ತಲ್ಲ. ಅದರ ಥರ ಮಾಡಿ ತೋರ್ಸು."

ನಾನು ಉಸಿರು ತುಂಬಿಕೊಂಡು ಭರ್ರೆಂದೆ.

"ಅದು ನಮ್ಮ ಓಣಿ ನಲ್ಲಿ. ಇನ್ನೊಂದ್ಸಲ."

ಅಪ್ಪನ ಸಾಹೇಬರ ಗರ್ಜನೆ, ಅಜ್ಜನ ಕೆಮ್ಮು, ಬಾಯ್ಲರು, ತಾಳಗುಪ್ಪದ ರೈಲು, ನನ್ನ ಹತ್ತಿರ ಇದ್ದದ್ದನ್ನೆಲ್ಲ ಸೇರಿಸಿ ಮತ್ತೊಮ್ಮೆ ಪ್ರಯತ್ನಿಸಿದೆ. ಬಸ್ಸಿನ ಕೆಳಗೆ ಮಲಗಿದ್ದ ನಾಯಿಯೊಂದು ತಲೆಯೆತ್ತಿ ನೋಡಿ ಮತ್ತೆ ಮಲಗಿತು.

"ನಂಗೆ ಬರ್ತಿಲ್ಲ ಅತ್ತೆ" ಎಂದೆ. "ಅದು ನನ್ ಬಾಯಲ್ಲಿ ಹಿಡಿಯಲ್ಲ."

"ಹ್ಞಾ, ಈಗ ಗೊತ್ತಾಯ್ತು ಹೇಗಿದೆ ಅಂತ" ಎಂದರು.

"ನೀವೂ ಒಂದ್ಸಲ ತಿರುಗಿ ನೋಡಿ ಅತ್ತೆ. ಯಾರಿಗೂ ಹೇಳಲ್ಲ."

"ನೀನು ಹೇಳಲ್ಲ ಮಾರಾಯ. ನನ್ನ ಕೇಳ್ತಾರಲ್ಲ, ಓಣಿಯವರು, ನಮ್ಮ ವಾರಗಿತ್ತಿ. ಆಷಾಢದಲ್ಲಿ ಮಗ ಸೊಸೆ ಒಟ್ಟಿಗೆ ಇದ್ದಿದ್ದು ನೋಡಿದ್ಯಾ ಅಂದ್ರೆ ಏನ್ ಹೇಳ್ಲಿ? ನಂಗೆ ಸುಳ್ಳು ಬರಲ್ಲ."

ಅವರು ಹಾಗೆಯೇ ನಿಂತರು. ಅಕ್ಕ ನೋಡುತ್ತಲೇ ಇದ್ದಳು. ಭಾವ ನೀರನ್ನು ಬಿಟ್ಟು ಅಕ್ಕನ ಮುಖವನ್ನು ನೋಡುತ್ತಿದ್ದರು, ಕೊಟ್ಟ ಸಾಮಾನು ಸರಿಯಾಗಿದೆಯೇ ಎಂದು ನೋಡುವ ಅಂಗಡಿಯವರ ಹಾಗೆ. ಆಮೇಲೆ ಮಂಜು ಕೆಳಗಿನಿಂದ ಎದ್ದು ಬಂದು ಎಲ್ಲವನ್ನೂ ಮುಚ್ಚಿತು. ಕಂಡಕ್ಟರು, ನಿಜವಾದವನು, ಸೀಟಿ ಊದಿದ. ಅತ್ತೆ ಕೊಡೆ ಮಡಿಸಿ, ಹಿಂದೆ ತಿರುಗದೆ ಬಸ್ಸು ಹತ್ತಿದರು. ವಾಪಸ್ ಬರುವಾಗ ಅಮ್ಮನ ರೊಟ್ಟಿ ಸರಿಯಾಗಿ ನಾಲ್ಕು ಜನಕ್ಕೆ ಆಯಿತು. ಮುಂದಿನ ಸೀಟಿಗೆ ನಾನೇ ಹೋಗಿ ಕೊಟ್ಟೆ, ಹಿಂದಿನ ಸೀಟಿನ ಅಜ್ಜಿ ಕಳಿಸಿದ್ದಾರೆಂದು. "ಉಪ್ಪು ಸರಿಯಾಗಿದೆ ಅಂತ ಆ ಅಜ್ಜಿಗೆ ಹೇಳು" ಎಂದರು.

ಶ್ರಾವಣದಲ್ಲಿ ಅಕ್ಕನನ್ನು ಶಿವಮೊಗ್ಗಕ್ಕೆ ಬಿಟ್ಟುಬರಲು ನಾನೇ ಹೋದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಅಕ್ಕ ಹೊಸ್ತಿಲು ದಾಟಿ ಬಂದಮೇಲೆ ಅವಳ ಗಲ್ಲ ಹಿಡಿದೆತ್ತಿ, "ಬಾರಮ್ಮ. ಎಷ್ಟು ದಿನ ಆಯ್ತು ನಿನ್ ಮುಖ ನೋಡಿ" ಎಂದರು. ಅಕ್ಷರಶಃ ನಿಜವಾದ ಮಾತು.

ಅಣೆಕಟ್ಟು ಮುಗಿಯಿತು. ಅಂತೆಗಳಲ್ಲಿ ಕೆಲವು ನಿಜವಾದವು. ಈಗ ಜೋಗಕ್ಕೆ ಯಾವಾಗ ಹೋಗಬೇಕೆಂಬ ಚರ್ಚೆಗೆ ಅಪ್ಪನ ಚಿಮಣಿ, ಅಜ್ಜನ ಹಸ್ತೆಯ ಜೊತೆ ಗೇಟು ಯಾವಾಗ ತೆಗೆಯುತ್ತಾರೆ ಎಂಬುದೂ ಸೇರಿ ಮಾತು ಇನ್ನೂ ಉದ್ದವಾಗಿದೆ. ಮೊನ್ನೆ ಅಕ್ಕನ ಮನೆಗೆ ಬಂದ ನೆಂಟರೊಬ್ಬರು ಅದನ್ನೇ ಎತ್ತಿದರು. ಅತ್ತೆ ಅಡಿಕೆ ಕತ್ತರಿಸುತ್ತ ತಲೆಯೆತ್ತದೆ, "ಆಷಾಢದಲ್ಲಿ ಹೋಗಿ" ಎಂದರು.

"ಆಷಾಢದಲ್ಲಾ? ಆ ಮಳೇಲಿ? ನೀವು ಹೋಗಿದ್ರಾ?"

"ಹೋಗಿದ್ದೆ."

"ಚೆನ್ನಾಗಿತ್ತಾ?"

"ಬಹಳ ಚೆನ್ನಾಗಿತ್ತು" ಎಂದರು ಅತ್ತೆ. "ಬಸ್ಸಿನ ಕೆಳಗೆ ಒಂದು ನಾಯಿ ಮಲಗಿತ್ತು."